ಮಧ್ಯಾಹ್ನದ ನೀರು

ಫೆಬ್ರವರಿ 18

ಅಣ್ಣನಿಗೆ,

ನಿನ್ನ ವಿಳಾಸ ಕೊಟ್ಟವಳು ಅತ್ತೆ. "ನಾನು ಕೊಟ್ಟೆ ಅಂತ ನಿಮ್ಮಪ್ಪನ ಹತ್ರ ಬಾಯಿ ಬಿಡಬೇಡ" ಎಂದಳು. ಆಮೇಲೆ ತಾನೇ ನಕ್ಕು, "ಯಾರಿಗೆ ಹೇಳ್ತಿದೀನಿ ನೋಡು! ನೀನು ಬಾಯಿ ಬಿಟ್ಟಿದ್ದಾದ್ರೂ ಯಾವಾಗ?" ಎಂದಳು. ನೀನು ನನಗೆ ಮುಚ್ಚಳ ಎಂದು ಹೆಸರಿಟ್ಟದ್ದು ಅವಳಿಗೆ ಇನ್ನೂ ತಮಾಷೆಯೇ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲವೆಂದು ನಿನಗೆ ಗೊತ್ತು. ಆ ಕಡೆಯವರ ಉಸಿರು ಕೇಳಿಸುತ್ತಿದ್ದರೆ ಅವರ ಬೇಸರವೂ ಕೇಳಿಸಿದಂತಾಗಿ, "ಹೂಂ, ಸರಿ" ಎಂದು ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ನಮ್ಮ ಶೆಡ್ಡಿನ ತೊಟ್ಟಿಗಳಲ್ಲಿ ಈ ಹಂಗಾಮಿನ ಮೊದಲ ಸುತ್ತಿನ ಸಿಂಪಿ ಮರಿಗಳೆಲ್ಲ ಸತ್ತವು. ತಾಯಿ ಸಿಂಪಿಗಳನ್ನು ಬೆಚ್ಚಗಿನ ನೀರಿಗಿಟ್ಟಾಗ ಎಲ್ಲ ಸರಿಯಾಗಿಯೇ ಇತ್ತು. ಹಾಲು ಚೆಲ್ಲಿದ ಹಾಗೆ ಮೊಟ್ಟೆ ಬಿಟ್ಟವು. ಮರುದಿನ ಮರಿಗಳು ಸುರುಳಿ ಸುತ್ತುತ್ತ ಈಜುತ್ತಿದ್ದವು. ಆ ಹೊತ್ತಿಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೊಂದಕ್ಕೂ ಅರ್ಧಚಂದ್ರದಂಥ ಮೊದಲ ಚಿಪ್ಪು ಕಾಣಬೇಕಲ್ಲ? ಕಂಡದ್ದು ಸೊಟ್ಟಸೊಟ್ಟ, ಇಲಿ ಕಡಿದ ಕಾಗದದ ಅಂಚಿನಂತೆ. ವಾರದ ಕೊನೆಗೆ ಎಲ್ಲವೂ ತೊಟ್ಟಿಯ ತಳಕ್ಕಿಳಿದು ಧೂಳಾಗಿ ಕೂತವು. ನಾನೇ ಜರಡಿಯಲ್ಲಿ ಎತ್ತಿ ಹೊರಗೆ ಚೆಲ್ಲಿದೆ. ಲಕ್ಷಗಟ್ಟಲೆ ಜೀವ ಒಂದು ಬೊಗಸೆಯಷ್ಟೂ ಆಗಲಿಲ್ಲ.

ಅಪ್ಪ ಕೊಳೆ ಎಂದರು. ನೀನು ಹೋದ ಮೇಲೆ ಶೆಡ್ಡಿನಲ್ಲಿ ಶುಚಿಯದೇ ದರ್ಬಾರು. ಬಾಗಿಲಲ್ಲಿ ಕೈ ತೊಳೆಯಬೇಕು, ಒಳಗೆ ಬಂದು ಮತ್ತೆ ತೊಳೆಯಬೇಕು. ನಾಲ್ಕು ತೊಟ್ಟಿಗಳನ್ನೂ ಆಸಿಡ್ ಹಾಕಿ ಉಜ್ಜುತ್ತೇವೆ. ನಿನ್ನ ಕಾಲದಲ್ಲಿ ದಿನ ಬಿಟ್ಟು ದಿನ ನೀರು ಬದಲಿಸುತ್ತಿದ್ದೆವು, ಈಗ ದಿನಾ. ಅಪ್ಪ ಬೆಳಕು ಹರಿಯುವ ಮೊದಲೇ ಎದ್ದು ಪಂಪು ಹಾಕುತ್ತಾರೆ. ದೋಣಿಗಳು ಕೆಸರೆಬ್ಬಿಸುವುದಕ್ಕೆ ಮುಂಚೆ, ಯಾರೂ ಮುಟ್ಟದ ನೀರು ಬೇಕು ಎಂಬ ಅವರ ಹಳೆಯ ನೇಮ ಇನ್ನಷ್ಟು ಬಿಗಿಯಾಗಿದೆ. ನನ್ನ ಬೆರಳ ಸಂದಿಗಳು ಬಿಳಿಚಿಕೊಂಡು ಸುಲಿಯುತ್ತಿವೆ. ಅತ್ತೆ ಅನ್ನುತ್ತಾಳೆ, "ಇನ್ನೊಂದು ಸಲ ಉಜ್ಜಿದ್ರೆ ತೊಟ್ಟಿಯ ಆ ಕಡೆ ನಿಂತೋರು ಈ ಕಡೆ ಕಾಣ್ತಾರೆ ಕಣೇ."

ಕೊಲ್ಲಿಯಲ್ಲಿ ಹಗ್ಗ ಇಳಿಬಿಟ್ಟು ಸಿಂಪಿ ಬೆಳೆಸುವವರು ಮೊನ್ನೆ ಬಂದಿದ್ದರು. ಹಿಂದೆಲ್ಲ ಕಡಲೇ ಅವರ ಹಗ್ಗಗಳಿಗೆ ಮರಿ ತಂದು ಕೂರಿಸುತ್ತಿತ್ತು. ಈಗ ನಮ್ಮ ಶೆಡ್ಡಿನ ಮರಿಯೊಂದೇ ಗತಿ. ಹೋದ ವರ್ಷ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಅಪ್ಪ ಅವರನ್ನು ಕೂರಿಸಿಕೊಂಡು ಹೇಳಿಬಿಟ್ಟರು: ತಾಯಿ ಸಿಂಪಿಗಳು ಈ ಹಂಗಾಮಿನಲ್ಲಿ ಇನ್ನೆರಡು ಸಲ ಮೊಟ್ಟೆ ಬಿಡುತ್ತವೆ, ಆ ಎರಡೂ ಹೋದರೆ ಶೆಡ್ಡಿಗೆ ಬೀಗ. ಹಾಗೆನ್ನುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಚಹಾ ಸಾಕು ಅಂದಂತೆ ಅಂದರು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ತಂಗಿ,
ಮುಚ್ಚಳ

*

ಮಾರ್ಚ್ 9

ಮುಚ್ಚಳಾ,

ಉತ್ತರ ಬರೆಯಲೇಬೇಕೆಂದಿಲ್ಲ ಎಂದು ಬರೆದವರಿಗೆ ಉತ್ತರ ಬರೆಯದೆ ಇರುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿದೆ. ಸಾಹಿತ್ಯ ಓದಿದ್ದು ದಂಡವಾಗಿಲ್ಲ ಬಿಡು.

ನಾನೊಂದು ಈಜುಕೊಳದಲ್ಲಿ ಕೆಲಸಕ್ಕಿದ್ದೇನೆ. ಕಡಲಿನಿಂದ ತಪ್ಪಿಸಿಕೊಂಡು ಬಂದವನಿಗೆ ಮತ್ತೆ ನೀರೇ ಗಂಟುಬಿತ್ತು. ಬೆಳಿಗ್ಗೆ ಬಂದು ತಳದ ಕಸ ಎಳೆಯುವುದು, ಬಟ್ಟೆ ಬದಲಿಸುವ ಕೋಣೆಗಳ ಕೂದಲು ಗುಡಿಸುವುದು, ನೀರಿಗೆ ಮದ್ದು ಹಾಕುವುದು. ದಿನಾ ಮೊದಲು ಇಳಿಯುವವರು ನಿವೃತ್ತ ಮೇಷ್ಟ್ರು ಒಬ್ಬರು. ಇಳಿದ ಕೂಡಲೇ, "ಏನಯ್ಯಾ, ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಿದೆಯಲ್ಲ!" ಎಂದು ಕೂಗುತ್ತಾರೆ. ಮದ್ದು ಸರಿಯಾಗಿದ್ದ ದಿನವೂ ಕೂಗುತ್ತಾರೆ. ಅಭ್ಯಾಸ. ಇಲ್ಲಿ ನನ್ನ ಕೈಯಿಂದ ಯಾರೂ ಸತ್ತಿಲ್ಲ. ಇಷ್ಟು ಸಾಕು.

ಶೆಡ್ಡಿನ ಸುದ್ದಿ ನನಗೆ ಬರೆಯಬೇಡ ಎಂದು ಬರೆಯಲು ಕೂತೆ. ಆದರೆ ಒಂದು ಮಾತು ಕೇಳದೆ ಇರಲಾರೆ. ಹೋದ ವರ್ಷ, ನಾನು ಊರು ಬಿಡುವ ಮುಂಚೆ, ಆ ದಿನ ಹಗ್ಗದವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಮರಿ ಸತ್ತ ತೊಟ್ಟಿಯ ಮುಂದೆ ನಾನು ಪೊರಕೆ ಹಿಡಿದು ನಿಂತಿದ್ದೆ. ಅಪ್ಪ ನನಗೆ ಹೇಳಲಿಲ್ಲ, ಅವರಿಗೆ ಹೇಳಿದರು: "ಇವನ ಕೈಗುಣವೇ ಸರಿಯಿಲ್ಲ. ಮುಟ್ಟಿದ್ದೆಲ್ಲ ಸಾಯತ್ತೆ." ಅವರಲ್ಲಿದ್ದ ಆ ಒಂಟಿಹಲ್ಲು ಮುದುಕ ಹೌದೌದು ಎಂದು ತಲೆಯಾಡಿಸಿದ.

ಈಗ ನಾನಿಲ್ಲ. ಈಗ ಯಾರ ಕೈಗುಣವಂತೆ? ಕೇಳಿ ಬರೆ.

ಅಣ್ಣ

*

ಮಾರ್ಚ್ 22

ಅಣ್ಣಾ,

ಎರಡನೇ ಸುತ್ತೂ ಹೋಯಿತು.

ಈ ಸಲ ಮೊದಲಿನಿಂದಲೇ ಎಲ್ಲ ಎಡವಟ್ಟು. ಮೊಟ್ಟೆ ಬಿಟ್ಟ ದಿನ ಬೆಳಿಗ್ಗೆ ಮೂರು ತೊಟ್ಟಿ ತುಂಬುವಷ್ಟರಲ್ಲಿ ಪಂಪು ಕೆಮ್ಮಿ ಕೆಮ್ಮಿ ನಿಂತಿತು. ರಿಪೇರಿಯವನು ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಬಂದವನು ಪಂಪು ಬಿಚ್ಚುವ ಮೊದಲು ತನ್ನ ಮಗಳ ಮದುವೆ ವಿಷಯ ಬಿಚ್ಚಿದ. ಕಡೆಗೂ ನಾಲ್ಕನೇ ತೊಟ್ಟಿಗೆ ನೀರು ಬಂದಾಗ ದೋಣಿಗಳೆಲ್ಲ ತಿರುಗಾಡಿ ಕೊಲ್ಲಿ ಕದಡಿ ಹೋಗಿತ್ತು. "ಆ ತೊಟ್ಟಿ ಆಸೆ ಬಿಡಿ" ಎಂದರು ಅಪ್ಪ. ಆದರೆ ಮೊದಲು ಸತ್ತದ್ದು ಉಳಿದ ಮೂರೂ. ನಾಲ್ಕನೆಯದರ ಮರಿಗಳ ಚಿಪ್ಪಿನ ಅಂಚು ನೆಟ್ಟಗಿತ್ತು. ಚೆನ್ನಾಗಿ ಮೇಲೆ ಕೆಳಗೆ ಆಡಿಕೊಂಡಿದ್ದವು. ಅತ್ತೆ ತನ್ನ ಗಾಜಿನ ಬುಡ್ಡಿಗಳಲ್ಲಿ ಬೆಳೆಸಿದ ಹಸಿರು ಪಾಚಿಯನ್ನು ಪೂರ್ತಿ ಅವಕ್ಕೇ ಉಣಿಸಿದಳು, ಬಾಣಂತಿಗೆ ಉಣಿಸುವ ಹಾಗೆ. ದಿನಾ ಬೆಳಿಗ್ಗೆ ನೀರು ಬದಲಿಸುತ್ತ ಹೋದೆವು. ಅವೂ ಒಂದೊಂದಾಗಿ ಇಳಿದವು.

ಅಪ್ಪ ಅವತ್ತು ಊಟ ಮಾಡಲಿಲ್ಲ. ಖಾಲಿ ತೊಟ್ಟಿಯೊಳಗೆ ತಾವೇ ಇಳಿದು ಕೂತು ಉಜ್ಜಿದರು. ನಾನು ಹೊರಗೆ ನಿಂತು ಬಕೆಟ್ ಕೊಡುತ್ತಿದ್ದೆ. ತೊಟ್ಟಿಯೊಳಗಿನಿಂದ ಅವರ ಉಸಿರು ಗುಂಯ್ಗುಡುತ್ತಿತ್ತು. ಒಮ್ಮೆ ಕೈ ನಿಲ್ಲಿಸಿ ಅಂಗೈ ತಿರುಗಿಸಿ ನೋಡಿಕೊಂಡರು. ನಾನು ನೋಡಿದೆ ಎಂದು ತಿಳಿದ ಮೇಲೆ ಮತ್ತೆ ಉಜ್ಜಿದರು.

ಇನ್ನು ಒಂದೇ ಸುತ್ತು ಉಳಿದಿದೆ, ಮೇ ತಿಂಗಳಲ್ಲಿ.

ನೀನು ಕೇಳು ಎಂದದ್ದನ್ನು ನಾನು ಕೇಳಲಿಲ್ಲ.

ಮೊದಲೊಮ್ಮೆ ನನ್ನನ್ನು ಕರೆದಿದ್ದ ಶಾಲೆಯಿಂದ ಮತ್ತೊಂದು ಕಾಗದ ಬಂದಿದೆ, ಆಗಸ್ಟಿನಿಂದ ಪಾಠ ಮಾಡಲು ಬರುತ್ತೀರಾ ಎಂದು. ಮಕ್ಕಳ ಮುಂದೆ ನನಗೆ ಮಾತು ಬರುತ್ತದೆ, ವಿಚಿತ್ರ. ಇನ್ನೂ ಉತ್ತರಿಸಿಲ್ಲ. ಅಪ್ಪ ಒಬ್ಬರೇ ತೊಟ್ಟಿಯೊಳಗೆ ಕೂತಿರುವಾಗ ಹೇಗೆ ಉತ್ತರಿಸಲಿ?

ತಂಗಿ

*

ಮಾರ್ಚ್ 29

ಮುಚ್ಚಳಾ,

ನಾಲ್ಕನೇ ತೊಟ್ಟಿಯ ನೀರು ಮಧ್ಯಾಹ್ನದ್ದು ಎಂದು ನೀನೇ ಬರೆದಿದ್ದೀಯ. ಬರೆದು, ರಿಪೇರಿಯವನ ಮಗಳ ಮದುವೆಗೆ ಹೋಗಿಬಿಟ್ಟಿದ್ದೀಯ. ನಾನು ಆ ಸಾಲನ್ನು ಊಟದ ಡಬ್ಬಿ ತೆರೆದಿಟ್ಟುಕೊಂಡು ಎಷ್ಟು ಸಲ ಓದಿದೆನೋ. ಅನ್ನ ಆರಿತು.

ಇದರ ಜೊತೆ ಒಂದು ಪುಟ್ಟ ಡಬ್ಬಿ ಕಳಿಸಿದ್ದೇನೆ. ನಾನು ಕೊಳದ ನೀರು ನೋಡುವುದು ಇದರಲ್ಲೇ. ಗಾಜಿನ ಕೊಳವೆಗೆ ನೀರು ತುಂಬಿ ಬಾಟಲಿಯ ಕೆಂಪು ಮದ್ದನ್ನು ಕೆಲವು ಹನಿ ಬಿಡು. ನೀರಿನಲ್ಲಿ ಆಮ್ಲ ಹೆಚ್ಚಿ ಹುಳಿಯಾಗಿದ್ದರೆ ಹಳದಿ ಕಡೆಗೆ ತಿರುಗುತ್ತದೆ, ಸರಿಯಿದ್ದರೆ ಗುಲಾಬಿ. ನಮ್ಮ ಕೊಳ ಬೆಳಿಗ್ಗೆ ಒಂದು ಬಣ್ಣ, ಬಿಸಿಲು ಬಿದ್ದ ಮೇಲೆ ಇನ್ನೊಂದು ಬಣ್ಣ ತೋರಿಸುತ್ತದೆ. ಮೂಲೆಗಳಲ್ಲಿ ಪಾಚಿ ಕಟ್ಟಿದ ದಿನಗಳಲ್ಲಂತೂ ಇನ್ನೂ ಜಾಸ್ತಿ. ಕಡಲು ಹಾಗಲ್ಲ, ಅದು ಯಾವಾಗಲೂ ಒಂದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಅಪ್ಪ ನೀರೆತ್ತುವ ಹೊತ್ತಿನಲ್ಲಿ ಒಮ್ಮೆ ನೋಡು, ಊಟದ ನಂತರ ಒಮ್ಮೆ ನೋಡು. ಕೆಲವು ದಿನ ಬಿಡದೆ ನೋಡು. ಅಪ್ಪನಿಗೆ ಈಗಲೇ ಹೇಳಬೇಡ.

ಇದರಿಂದ ನಾನು ಶೆಡ್ಡಿನ ವಿಷಯಕ್ಕೆ ಬಂದೆ ಎಂದು ತಿಳಿಯಬೇಡ.

ಅಣ್ಣ

*

ಏಪ್ರಿಲ್ 14

ಅಣ್ಣಾ,

ಬೆಳಗಿನ ನೀರು ಕಿತ್ತಳೆ ಬಣ್ಣ, ಕೆಲವು ದಿನ ಹಳದಿಗೆ ಹತ್ತಿರ. ಮಧ್ಯಾಹ್ನದ ನೀರು ಗುಲಾಬಿ, ಅದೂ ತೀರ ತೆಳು. ಮೊದಲ ದಿನ ನಾನು ತಪ್ಪು ಮಾಡಿರಬೇಕೆಂದು ಕೊಳವೆಯನ್ನು ತೊಳೆದು ತೊಳೆದು ನೋಡಿದೆ. ಈ ಮನೆಯಲ್ಲಿ ಏನು ಕೆಟ್ಟರೂ ಮೊದಲು ತೊಳೆಯುವುದೇ ತಾನೆ?

ಒಂದು ದಿನ ಧೈರ್ಯ ಮಾಡಿ ಮೀನುಗಾರಿಕೆ ಕಚೇರಿಗೆ ಹೋದೆ. ಅಲ್ಲಿಯ ಮೇಡಂ ನನ್ನನ್ನು ಕೂರಿಸಿ ಹೇಳಿದರು. ಊರೂರಿನ ಹೊಗೆಯೆಲ್ಲ ಗಾಳಿಗೆ ಸೇರಿ, ಗಾಳಿಯಿಂದ ಕಡಲಿಗಿಳಿದು ಕರಗಿ, ಕಡಲು ವರ್ಷದಿಂದ ವರ್ಷಕ್ಕೆ ಹುಳಿಯ ಕಡೆಗೆ ಜಾರುತ್ತಿದೆಯಂತೆ. ಅದರ ಮೇಲೆ ಕೊಲ್ಲಿಯ ತಳದ ಹುಲ್ಲು, ಪಾಚಿ, ಹುಳ ಹುಪ್ಪಟೆ ಎಲ್ಲ ರಾತ್ರಿಯಿಡೀ ಉಸಿರು ಬಿಟ್ಟು ನೀರನ್ನು ಇನ್ನಷ್ಟು ಹುಳಿ ಮಾಡುತ್ತವೆ. ಬಿಸಿಲು ಬಂದಾಗ ಅದೇ ಹುಲ್ಲು ಆ ಬಿಟ್ಟ ಉಸಿರನ್ನು ಮತ್ತೆ ಹೀರಿಕೊಳ್ಳುತ್ತದೆ. ಹಿಂದೆ ಕಡಲಿಗೆ ತಡೆದುಕೊಳ್ಳುವ ಶಕ್ತಿ ಇದ್ದದ್ದರಿಂದ ಬೆಳಗಿನ ನೀರೂ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. ದೊಡ್ಡ ಸಿಂಪಿಗಳು ಹೇಗೋ ಸುಧಾರಿಸುತ್ತವೆ. ಮರಿ ಮಾತ್ರ ಹುಟ್ಟಿದ ಒಂದೆರಡು ದಿನದಲ್ಲಿ, ತನ್ನ ಮೊಟ್ಟೆಯ ಬುತ್ತಿ ಮುಗಿಯುವುದರೊಳಗೆ, ನೀರಿನಿಂದ ಸುಣ್ಣ ಎಳೆದು ಚಿಪ್ಪು ಕಟ್ಟಬೇಕು. ಹುಳಿ ನೀರಿನಲ್ಲಿ ಆ ಸುಣ್ಣ ಕೈಗೆ ಸಿಗುವುದಿಲ್ಲ. ಎಳೆದೂ ಎಳೆದೂ ಸುಸ್ತಾಗಿ ಸಾಯುತ್ತದೆ.

"ಎರಡು ವರ್ಷದ ಹಿಂದೇನೇ ಸಭೆ ಕರೆದು ಹೇಳಿದ್ದೆ. ನಿಮ್ಮ ತಂದೆ ಅರ್ಧಕ್ಕೇ ಎದ್ದು ಹೋದ್ರು" ಎಂದರು ಮೇಡಂ. ನನಗೆ ನೆನಪಿದೆ. ಅವತ್ತು ಅಪ್ಪ ಮನೆಗೆ ಬಂದು, "ಯಾರದೋ ಕಾರಿನ ಹೊಗೆಗೂ ನನ್ನ ತೊಟ್ಟಿಗೂ ಏನು ಸಂಬಂಧ? ಅಜ್ಜಿಗೆ ಅರಿವೆ ಚಿಂತೆ, ಇವರಿಗೆ ಹೊಗೆ ಚಿಂತೆ" ಎಂದಿದ್ದರು.

ಅಂದರೆ ಅಣ್ಣಾ, ನಾವು ಇಷ್ಟು ದಿನ ಮಾಡಿದ್ದೇನು? ಮರಿ ಸತ್ತಷ್ಟೂ ಹೆಚ್ಚು ಸಲ ನೀರು ಬದಲಿಸಿದೆವು. ಬದಲಿಸಿದ್ದೆಲ್ಲ ಬೆಳಗಿನ ನೀರು. ಅಕ್ಕರೆ ಹೆಚ್ಚಿದಷ್ಟೂ ಕೊಂದೆವು.

ಅಪ್ಪನಿಗೆ ಹೇಳಬೇಕು ಎಂದು ಮೂರು ಸಂಜೆ ಅವರ ಕುರ್ಚಿಯ ಹತ್ತಿರ ಹೋಗಿ ನಿಂತೆ. ಮೊದಲ ಸಂಜೆ "ಚಹಾ ಮಾಡಲಾ?" ಎಂದೆ. ಎರಡನೆಯ ಸಂಜೆಯೂ ಹಾಗೇ. ಮೂರನೆಯ ಸಂಜೆ ಅವರೇ, "ಬೇಡಮ್ಮ, ಈಗ ತಾನೇ ಕುಡಿದೆ" ಎಂದರು.

ಅತ್ತೆಗೆ ಹೇಳಿದೆ. ಅವಳು ಪಾಚಿಯ ಬುಡ್ಡಿ ಅಲ್ಲಾಡಿಸಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ತಪ್ಪು ನೀರಿಂದು ಅಂತಾದ್ರೆ ಹುಡುಗಂದು ಅಲ್ಲ ಅಂತಾಗತ್ತಲ್ಲೇ" ಎಂದಳು. "ನಿಮ್ಮಪ್ಪ ಮೊದಲನೇದನ್ನ ಹೇಗೋ ನುಂಗ್ತಾನೆ. ಎರಡನೇದು ಗಂಟಲಲ್ಲಿ ಇಳಿಯೋದು ಕಷ್ಟ."

ತಂಗಿ

*

ಏಪ್ರಿಲ್ 25

ಮುಚ್ಚಳಾ,

ನಿನ್ನ ಕಾಗದವನ್ನು ಕೊಳದ ಏಣಿಯ ಹತ್ತಿರ ಕೂತು ಓದಿದೆ. ಮೇಷ್ಟ್ರು ಈಜು ನಿಲ್ಲಿಸಿ, "ಏನಯ್ಯಾ, ಕೆಟ್ಟ ಸುದ್ದಿಯೇ?" ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಇಲ್ಲಿ ಬಂದ ಹೊಸತರಲ್ಲಿ ನಾನು ಬಾಡಿಗೆ ಕೋಣೆಯ ಕಿಟಕಿಯಲ್ಲಿದ್ದ ಹೂವಿನ ಕುಂಡಕ್ಕೆ ನೀರು ಹಾಕುತ್ತಿರಲಿಲ್ಲ. ಪಕ್ಕದ ಕೋಣೆಯವನಿಗೆ ಹೇಳಿ ಹಾಕಿಸುತ್ತಿದ್ದೆ. ಅವನು ನನ್ನನ್ನು ಸೋಮಾರಿ ಅಂದುಕೊಂಡ. ಅಂದುಕೊಳ್ಳಲಿ ಎಂದು ಬಿಟ್ಟೆ.

ಈಗ ಕೆಲಸದ ಮಾತು. ಮಧ್ಯಾಹ್ನದ ನೀರು ಸಾಲದು, ಅದರ ಬಣ್ಣವೂ ಇರಬೇಕಾದಷ್ಟು ಗಾಢವಿಲ್ಲ ಎಂದು ನೀನು ಬರೆದ ರೀತಿಯಿಂದಲೇ ತೋರುತ್ತದೆ. ಕೊಳದ ನೀರು ಹುಳಿಯಾದರೆ ನಾವು ಸೋಡಾ ಪುಡಿ ಹಾಕುತ್ತೇವೆ. ಬಟ್ಟೆ ಒಗೆಯಲು ಬಳಸುತ್ತಾರಲ್ಲ, ಅದೇ ಜಾತಿಯದು, ಆದರೆ ಬೇರೇನೂ ಬೆರೆಸದ್ದು. ಬಕೆಟ್ಟಿನಲ್ಲಿ ಕರಗಿಸಿಕೊಂಡು, ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟು, ಚೆನ್ನಾಗಿ ಕಲಸಿ, ಬಣ್ಣ ನೋಡು. ಅವಸರ ಮಾಡಬೇಡ. ಹೆಚ್ಚಾದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಕೆಲಸ ಕೆಟ್ಟಿತೆಂಬ ಗುರುತು. ಮೊದಲು ಮರಿಗಳಿಲ್ಲದ ನೀರಿನಲ್ಲಿ ಮಾಡಿ ನೋಡು. ಎಷ್ಟು ಹಾಕಬೇಕೆಂದು ಆ ಮೇಡಂ ಅವರನ್ನೂ ಕೇಳು.

ನಾನು ಅಪ್ಪನಿಗೆ ಬರೆಯುವುದಿಲ್ಲ. ನಾನು ಹೇಳಿದರೆ ಅದು ಸೇಡಿನಂತೆ ಕೇಳಿಸುತ್ತದೆ. ಸ್ವಲ್ಪ ಮಟ್ಟಿಗೆ ಸೇಡೇ ಆಗಿರುತ್ತದೆ. ನೀನೇ ಹೇಳಬೇಕು. ಹುಟ್ಟಿದಾಗಿನಿಂದ ಉಳಿಸಿಟ್ಟುಕೊಂಡ ಮಾತುಗಳಿವೆಯಲ್ಲ, ಅದರಲ್ಲಿ ಒಂದೆರಡು ಖರ್ಚು ಮಾಡು.

ಅಣ್ಣ

*

ಮೇ 19

ಅಣ್ಣಾ,

ಹೇಳಿದೆ. ಒಂದೇ ಮಾತು, ಆದರೆ ಹೇಳಿದೆ.

ಕೊನೆಯ ಸುತ್ತಿಗೆ ತಾಯಿ ಸಿಂಪಿಗಳನ್ನು ಸಿದ್ಧ ಮಾಡಿದ್ದೆವು. ಅಪ್ಪ ಎಂದಿನಂತೆ ನಸುಕಿನಲ್ಲಿ ಪಂಪಿನ ಕೋಣೆಗೆ ಬಂದಾಗ ನಾನು ಸ್ವಿಚ್ಚಿನ ಹಲಗೆಗೆ ಬೆನ್ನು ಕೊಟ್ಟು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದೆ.

"ಏನೇ ಇದು? ಏಳು."

ನಾನು ಏಳಲಿಲ್ಲ.

"ಮೈ ಸರಿಯಿಲ್ವಾ?"

ಹಾಗಲ್ಲ ಎಂದು ತಲೆಯಾಡಿಸಿದೆ.

"ಮತ್ತೇನು? ಬೆಳಕಾಗ್ತಾ ಇದೆ, ಇನ್ನೇನು ದೋಣಿ ಹೊರಡ್ತವೆ. ಏಳಮ್ಮ, ಆಟ ಆಡಬೇಡ."

"ಮಧ್ಯಾಹ್ನ" ಎಂದೆ.

"ಏನು ಮಧ್ಯಾಹ್ನ?"

ಮುಂದಿನ ಮಾತುಗಳನ್ನೆಲ್ಲ ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಹಿಂದಿನ ಮಧ್ಯಾಹ್ನದ್ದೂ ಆ ಬೆಳಗಿನದೂ ಎರಡು ಕೊಳವೆಗಳನ್ನು ಅವರ ಮುಂದೆ ಚಾಚಿದೆ. ಅವರು ಕೊಳವೆ ನೋಡಲಿಲ್ಲ. ಪಕ್ಕದಲ್ಲಿದ್ದ ಡಬ್ಬಿ ನೋಡಿದರು. ಅದರ ಮುಚ್ಚಳದ ಮೇಲೆ ಈಜುಕೊಳದ ಚಿತ್ರವಿದೆಯಲ್ಲ.

"ಇದು ಎಲ್ಲಿಂದ ಬಂತು?"

ನಾನು ಕೊಳವೆಗಳನ್ನು ಇನ್ನಷ್ಟು ಮುಂದೆ ಚಾಚಿದೆ. ಅವರು ಮತ್ತೆ ಕೇಳಲಿಲ್ಲ. ಹೊರಗೆ ಮೊದಲ ದೋಣಿಯ ಇಂಜಿನ್ ಹೊಡೆದುಕೊಂಡಿತು. ಇಬ್ಬರೂ ಅದು ದೂರವಾಗುವವರೆಗೆ ಕೇಳುತ್ತ ಇದ್ದೆವು.

ಅತ್ತೆ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ. "ಅಣ್ಣಾ, ಎರಡು ತೊಟ್ಟಿ ನಿಂಗೆ, ಎರಡು ಅವಳಿಗೆ" ಎಂದಳು ಅಪ್ಪನಿಗೆ. "ಮಕ್ಕಳಿಗೆ ಆಸ್ತಿ ಪಾಲು ಮಾಡೋ ಹಾಗೆ ಮಾಡಿಬಿಡು, ಜಗಳ ಯಾಕೆ?" ಅವಳು ನಗಿಸಲು ಅಂದದ್ದು. ಅಪ್ಪ ಅದನ್ನೇ ಹಿಡಿದರು. "ಆಗಲಿ. ಎರಡು ನಿಂದು, ಎರಡು ನಂದು. ಈಗ ಏಳು."

ಎದ್ದೆ. ಅವರು ತಮ್ಮ ಎರಡನ್ನು ತುಂಬಿದರು. ನನ್ನ ಎರಡನ್ನು ಮಧ್ಯಾಹ್ನ ತುಂಬಿದೆ. ಸೋಡಾ ಕರಗಿಸುತ್ತಿದ್ದಾಗ ಅವರು ಹಿಂದೆ ಬಂದು ನಿಂತರು.

"ಏನದು?"

"ಸೋಡಾ."

"ಬಟ್ಟೆ ಒಗೆಯೋದಾ?"

"ಹೂಂ."

"ಒಗಿ ಹಾಗಾದ್ರೆ. ಕಡಲನ್ನ ಒಗೆದು, ಹಿಂಡಿ, ಬಿಸಿಲಿಗೆ ಒಣಗಹಾಕು."

ಅಣ್ಣಾ, ನಾನು ಇನ್ನೊಂದು ಮಾತು ಖರ್ಚು ಮಾಡಿದ್ದರೆ ನಾಲ್ಕೂ ತೊಟ್ಟಿ ಮಧ್ಯಾಹ್ನದ್ದಾಗುತ್ತಿತ್ತೇನೋ. ಇವು ಕೊನೆಯ ಮರಿಗಳು. ಅವುಗಳಲ್ಲಿ ಅರ್ಧ ಈಗ ಬೆಳಗಿನ ನೀರಿನಲ್ಲಿವೆ, ಎಲ್ಲಕ್ಕೂ ನಾನೇ ಮೇವು ಹಾಕುತ್ತೇನೆ.

ತಂಗಿ

*

ಜೂನ್ 8

ಅಣ್ಣಾ,

ನಿನ್ನಿಂದ ಕಾಗದವಿಲ್ಲ. ಹಾಗಾಗಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಪ್ಪನ ಎರಡು ತೊಟ್ಟಿ ಮೊದಲ ವಾರದಲ್ಲೇ ಹೋದವು. ನನ್ನವು ಉಳಿದವು. ಎಲ್ಲವೂ ಉಳಿಯಲಿಲ್ಲ, ಆದರೆ ಉಳಿದವು ದಪ್ಪವಾದವು, ಕಣ್ಣಿನ ಕಪ್ಪು ಚುಕ್ಕೆ ಮೂಡಿತು, ಕೊನೆಗೆ ತಳದಲ್ಲಿ ನಾವು ಹಾಸಿದ್ದ ಚಿಪ್ಪಿನ ಪುಡಿಯ ಮೇಲೆ ಕೂತು ಕಚ್ಚಿಕೊಂಡವು. ಬೆರಳಾಡಿಸಿದರೆ ದಪ್ಪ ಮರಳಿನಂತೆ ತಾಕುತ್ತಿದ್ದವು. ಅತ್ತೆ ಅತ್ತಳು. ನನಗೆ ಸಂತೋಷಕ್ಕಿಂತ ನಿದ್ದೆ ಬಂತು.

ಅಪ್ಪನ ಮರಿಗಳು ಇಳಿಯುತ್ತಿದ್ದ ದಿನಗಳಲ್ಲಿ ಅವರು ಮೈಕ್ರೋಸ್ಕೋಪಿನ ಮುಂದೆ ಕೂತು ಒಂದು ಹನಿ ತಮ್ಮ ತೊಟ್ಟಿಯದು, ಒಂದು ಹನಿ ನನ್ನದು, ಮತ್ತೆ ತಮ್ಮದು, ಹೀಗೆ ನೋಡುತ್ತಿದ್ದರು. ಸತ್ತವನ್ನು ತಾವೇ ಜರಡಿಯಲ್ಲಿ ಎತ್ತಿದರು. ತೊಟ್ಟಿಗಳನ್ನು ಬರೀ ನೀರಿನಲ್ಲಿ ತೊಳೆದರು. ಆಸಿಡ್ ತೆಗೆಯಲಿಲ್ಲ. ಈಗಲೂ ನಸುಕಿನಲ್ಲಿ ಎದ್ದು ಪಂಪಿನ ಕೋಣೆಗೆ ಹೋಗುತ್ತಾರೆ. ಪಂಪು ಹಾಕುವುದಿಲ್ಲ, ಸುಮ್ಮನೆ ಕೂತು ಬೆಳಕು ಹರಿದ ಮೇಲೆ ವಾಪಸು ಬರುತ್ತಾರೆ. ಇಷ್ಟು ವರ್ಷದ ಅಭ್ಯಾಸ, ಅದನ್ನು ಎಲ್ಲಿಡಬೇಕೆಂದು ತಿಳಿಯದು.

ನಿನ್ನೆ ಹಗ್ಗದವರು ಮರಿ ಒಯ್ಯಲು ಬಂದರು. ಎಲ್ಲರ ಪಾಲೂ ಅರ್ಧರ್ಧ. ಒಂಟಿಹಲ್ಲು ಚೀಲ ಎತ್ತಿ ತೂಗಿ ನೋಡಿ, "ಇಷ್ಟೇನಾ? ಇನ್ನರ್ಧ ಎಲ್ಲಿ?" ಎಂದ.

"ಸತ್ತವು" ಎಂದರು ಅಪ್ಪ.

"ಈ ಸಲ ಯಾರ ಕೈ ಮುಟ್ಟಿತ್ತಪ್ಪ? ನಿನ್ನ ಮಗ ಊರಲ್ಲೇ ಇಲ್ವಲ್ಲ."

ಅವನು ಚುಚ್ಚಲೆಂದೇ ಅಂದದ್ದು. ಒಬ್ಬಿಬ್ಬರು ನಕ್ಕರು. ನಾನು ಮುಂದಿನ ಚೀಲ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ನಂದು" ಎಂದರು ಅಪ್ಪ. "ಬೆಳಗಿನ ನೀರು ತುಂಬಿದ್ದು ನಾನು. ಈ ಸಲಾನೂ ನಾನೇ, ಆ ಸಲಾನೂ ನಾನೇ. ನೀರೇ ಕೆಟ್ಟಿತ್ತು, ನಂಗೆ ತಿಳೀಲಿಲ್ಲ. ಹುಡುಗ ಬರೀ ತೊಟ್ಟಿ ತೊಳೀತಿದ್ದ. ಅವನ ಕೈಯಲ್ಲಿ ಏನೂ ಇರ್ಲಿಲ್ಲ. ನಾನು ಹೇಳಿದ್ದು ತಪ್ಪು." ಸ್ವಲ್ಪ ತಡೆದು, "ಹಿಡಿ, ಚೀಲದ ಬಾಯಿ ಸರಿಯಾಗಿ ಹಿಡಿ, ಚೆಲ್ಲತ್ತೆ" ಎಂದರು.

ಆಮೇಲೆ ಯಾರೂ ನಗಲಿಲ್ಲ. ಇನ್ನೊಬ್ಬ ಹಗ್ಗದವನು ಮೆಲ್ಲಗೆ, "ಕೊಲ್ಲಿಗೆ ಇಳಿಸಿದ ಮೇಲೆ ಇವುಗಳ ಗತಿ ಏನು? ಅಲ್ಲಿ ಸೋಡಾ ಹಾಕೋರು ಯಾರು?" ಎಂದು ಕೇಳಿದ. ಅಪ್ಪ ಮುಂದಿನ ಚೀಲ ಎತ್ತಿಕೊಟ್ಟರು. ಇದನ್ನೇ ಮೇಡಂ ಹತ್ತಿರ ನಾನೂ ಕೇಳಿದ್ದೇನೆ. ಚಿಪ್ಪು ಗಟ್ಟಿಯಾದ ಮೇಲೆ ಕಳಿಸಿದರೆ ಒಂದಷ್ಟು ಬದುಕುತ್ತವೆ, ವರ್ಷ ವರ್ಷ ನೋಡುತ್ತ ಹೋಗಬೇಕು, ಅಷ್ಟೇ ಅವರು ಹೇಳುವುದು. ಹಗ್ಗದವರು ಚೀಲ ಹೊತ್ತು ಹೋದರು. ಅಪ್ಪ ಖಾಲಿ ತೊಟ್ಟಿಯ ಅಂಚಿನ ಮೇಲೆ ಕೂತು ಬೂಟಿನೊಳಗಿನ ನೀರು ಚೆಲ್ಲಿಕೊಂಡರು.

ತಂಗಿ

*

ಜೂನ್ 21

ಮುಚ್ಚಳಾ,

ನಿನ್ನ ಎರಡೂ ಕಾಗದ ತಲುಪಿದವು. ಮೊದಲನೆಯದಕ್ಕೆ ಉತ್ತರಿಸಲಿಲ್ಲ, ಏಕೆಂದರೆ ಉಳಿದರ್ಧವೂ ಸಾಯಲಿ ಎಂದು ಒಂದು ಗಳಿಗೆ ನನಗನ್ನಿಸಿತ್ತು. ಹಾಗನ್ನಿಸಿದ ಕೈಯಿಂದ ಬರೆಯಬಾರದೆಂದು ಬಿಟ್ಟೆ.

ಅಪ್ಪ ಹಾಗೆಂದದ್ದು ನಿಜವೇ? ಅವರ ಮಾತೇ ಅದು, ಅಥವಾ ನನಗಾಗಿ ನೀನು ಸ್ವಲ್ಪ ತಿದ್ದಿ ಬರೆದದ್ದೇ? ನೀನು ಸುಳ್ಳು ಹೇಳುವವಳಲ್ಲ. ಆದರೆ ನಿನಗೆ ಬರೆಯಲು ಬರುತ್ತದೆ, ಅದೇ ನನ್ನ ಅನುಮಾನ.

ನಿಜವಾದರೂ, ಅವರು ಹೇಳಿದ್ದು ಹಗ್ಗದವರಿಗೆ. ಬೈದಾಗಲೂ ಅವರಿಗೇ ಹೇಳಿದ್ದರು. ಎರಡು ಸಲವೂ ನನ್ನ ವಿಷಯವನ್ನು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೇಳಿದ್ದಾರೆ.

ನಾನು ಬರುವುದಿಲ್ಲ. ಇಲ್ಲಿ ಶಾಲೆ ಬಿಟ್ಟ ಮೇಲೆ ದಿನಾ ಮಕ್ಕಳ ಗದ್ದಲ, ಸಂಜೆಗೆ ಬೆನ್ನು ನೆಟ್ಟಗಾಗುವುದಿಲ್ಲ. ಸೋಡಾ ಬೇಕಾದರೆ ಬರೆ, ನಮಗೆ ಬರುವ ಕಡೆಯಿಂದಲೇ ಕಳಿಸುತ್ತೇನೆ.

ಶಾಲೆಯವರಿಗೆ ಉತ್ತರಿಸಿದೆಯಾ?

ಅಣ್ಣ

*

ಜುಲೈ 12

ಮಗನಿಗೆ,

ನಿನ್ನ ಅಪ್ಪ ಬರೆಯುವುದು.

ಇಲ್ಲಿ ಎಲ್ಲ ಒಂದು ಥರ ನಡೆದಿದೆ. ಶೆಡ್ಡಿಗೆ ಬೀಗ ಹಾಕಲಿಲ್ಲ. ತಾಯಿ ಸಿಂಪಿಗಳನ್ನು ಮುಂದಿನ ಹಂಗಾಮಿಗೆ ಇಟ್ಟುಕೊಂಡಿದ್ದೇನೆ. ಹಗ್ಗಕ್ಕೆ ಹೋದ ಮರಿಗಳು ಸಾಧಾರಣವಾಗಿ ಹತ್ತಿವೆ. ಒಂಟಿಹಲ್ಲನ ಹಗ್ಗದಲ್ಲಿ ಕಡಿಮೆ. ಅವನು ದಿನಾ ಬೈಯಲು ಬರುತ್ತಾನೆ. ಬೈದು, ಚಹಾ ಕುಡಿದು ಹೋಗುತ್ತಾನೆ.

ಈ ತಿಂಗಳ ಮೊದಲಲ್ಲಿ ದಡದಿಂದ ಗಾಳಿ ಬಿಡದೆ ಬೀಸಿತು. ಕೊಲ್ಲಿಯ ನೀರು ಕಾಲಿಟ್ಟರೆ ಕೊರೆಯುವಷ್ಟು ತಣ್ಣಗಾಯಿತು. ಹಾಗಾದಾಗ ಆಳದ ನೀರು ಮೇಲೆ ಬರುತ್ತದಂತೆ, ಮಧ್ಯಾಹ್ನವೂ ಹುಳಿಯೇ ಅಂತೆ. ಕಚೇರಿಯ ಮೇಡಂ ಹೇಳಿದರು. ಈ ಸಲ ಕೊನೆಯವರೆಗೆ ಕೂತು ಕೇಳಿದೆ. ಅರ್ಧ ತಿಳಿಯಿತು.

ನಿನ್ನ ತಂಗಿಗೆ ಆಗಸ್ಟಿನಿಂದ ಶಾಲೆಯ ಕೆಲಸ. ಹೋಗು ಎಂದೆ. ಒಲ್ಲೆ ಎಂದಳು. ಮತ್ತೆ ಮತ್ತೆ ಹೇಳಿ ಒಪ್ಪಿಸಿದ್ದೇನೆ. ಈ ಮನೆಯವರು ಒಬ್ಬರಿಗೊಬ್ಬರು ಆಡದ ಮಾತನ್ನೆಲ್ಲ ಇಷ್ಟು ದಿನ ಅವಳೇ ಹೊತ್ತಿದ್ದಾಳೆ. ಸಾಕು.

ಅವಳು ಹೋದರೆ ಕೊಳವೆಯ ಬಣ್ಣ ನೋಡುವವರಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ, ಹಳದಿಯೂ ಗುಲಾಬಿಯೂ ಒಂದೇ ಥರ. ನಿಮ್ಮತ್ತೆಗೆ ಕಾಣುತ್ತದೆ, ಆದರೆ ಅವಳು ಪ್ರತಿ ಸಲವೂ ಗುಲಾಬಿ ಎನ್ನುತ್ತಾಳೆ. ನನಗೆ ಬೇಸರವಾಗಬಾರದೆಂದು.

ಹಗ್ಗದವರ ಮುಂದೆ ನಾನು ಆಡಿದ ಮಾತನ್ನು ತಂಗಿ ನಿನಗೆ ಬರೆದಿದ್ದಾಳೆಂದು ತಿಳಿಯಿತು. ಏನು ಬರೆದೆ ಎಂದು ಕೇಳಿದೆ. ಹೇಳಿದಳು. ಅವಳು ಬರೆದದ್ದು ಸರಿಯಾಗಿದೆ. ಅವಳು ಸೇರಿಸಿದ್ದು ಏನೂ ಇಲ್ಲ. ಅದನ್ನು ನಿನಗೇ ಹೇಳಬೇಕಿತ್ತು, ಅದಕ್ಕೆ ಇದನ್ನು ಬರೆದೆ.

ಕೊಳದ ಕೆಲಸ ಬಿಟ್ಟು ಬಾ ಎನ್ನುವುದಿಲ್ಲ. ರಜೆ ಸಿಕ್ಕಾಗ ಒಂದು ಸಲ ಬಂದು ನೀರು ನೋಡಿ ಹೋಗು. ನಸುಕಿನ ಬಸ್ಸಿಗೆಂದು ನಿದ್ದೆಗೆಡಬೇಡ. ನಿಧಾನವಾಗಿ ಊಟ ಮಾಡಿಕೊಂಡೇ ಬಾ. ನಾವೀಗ ನೀರು ತುಂಬುವುದು ಮಧ್ಯಾಹ್ನ.

ಅಪ್ಪ